ಜಿಪ್ಸಿ ಸ್ಟೀರಿಂಗ್ 60ರಲ್ಲಿ ಗಡಗಡ ನಡುಗುತ್ತದೆ, ಮೂರು ಸಲ ಬ್ಯಾಲೆನ್ಸಿಂಗ್ ಆಯ್ತು

ತೋಟದಗಾಡಿ:
ನನಗೆ ಸಾಕಾಗಿದೆ. 2008ರ ಮಾರುತಿ ಜಿಪ್ಸಿ, ಎಂಪಿಎಫ್‌ಐ ಪೆಟ್ರೋಲ್ ಎಂಜಿನ್. ಸಕಲೇಶಪುರದಿಂದ ಹಾಸನಕ್ಕೆ ಹೋಗುವಾಗ 60 ದಾಟಿ ಒಂದು ಸಣ್ಣ ಗುಂಡಿ ಸಿಕ್ಕರೆ ಸಾಕು, ಸ್ಟೀರಿಂಗ್ ಎರಡೂ ಕಡೆ ಹೊಡೆದುಕೊಳ್ಳಲು ಶುರು. ಕೈಯಲ್ಲಿ ಹಿಡಿಯಲು ಆಗುವುದಿಲ್ಲ. 30ಕ್ಕೆ ಇಳಿಸುವವರೆಗೂ ನಿಲ್ಲುವುದಿಲ್ಲ. ಮೂರು ಸಲ ವೀಲ್ ಬ್ಯಾಲೆನ್ಸಿಂಗ್, ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಗ್ಯಾರೇಜಿನವರು "ಜಿಪ್ಸಿ ಅಂದರೆ ಹಾಗೇ ಸರ್" ಅಂತ ಕಳಿಸಿದರು. ಅಮ್ಮ ಈಗ ಈ ಗಾಡಿ ಹತ್ತುವುದಿಲ್ಲ ಅಂತ ಕೂತಿದ್ದಾರೆ. ಏನು ಮಾಡಲಿ?

ಟೈರ್‌ಮಾವ:
ಬ್ಯಾಲೆನ್ಸಿಂಗ್ ಸರಿಯಾಗಿ ಆಗಿಲ್ಲ, ಅಷ್ಟೇ. ರಿಮ್ ಒಳಗೆ ಕೆಸರು ಒಣಗಿ ಅಂಟಿಕೊಂಡಿರುತ್ತದೆ. ತೊಳೆಯದೆ ಮೆಷಿನ್‌ಗೆ ಹಾಕಿದರೆ ಸೀಸದ ತೂಕ ಎಷ್ಟು ಹೊಡೆದರೂ ಪ್ರಯೋಜನ ಇಲ್ಲ. ಮುಂದಿನ ಟೈರ್ ಹಿಂದಕ್ಕೆ ಹಾಕಿ ನೋಡಿ. ಗಾಳಿ ಎಷ್ಟಿದೆ?

ಮಣ್ಣುಚಕ್ರ:
ಇದು ಬ್ಯಾಲೆನ್ಸ್ ಸಮಸ್ಯೆ ಅಲ್ಲ ಮಾವ. ಬ್ಯಾಲೆನ್ಸ್ ತಪ್ಪಿದ್ದರೆ ನುಣ್ಣನೆ ರಸ್ತೆಯಲ್ಲೂ ಒಂದು ಸ್ಪೀಡಿಗೆ ನಡುಕ ಬರುತ್ತದೆ, ಆ ಸ್ಪೀಡ್ ದಾಟಿದರೆ ಕಡಿಮೆಯಾಗುತ್ತದೆ. ಗುಂಡಿಗೆ ಬಿದ್ದಾಗ ಶುರುವಾಗಿ, ನಿಧಾನ ಮಾಡುವವರೆಗೂ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ. ಎಲ್ಲೋ ಪ್ಲೇ, ಅಂದರೆ ಸಡಿಲ ಇದೆ, ಇಲ್ಲಾ ಚಕ್ರವನ್ನು ನೇರಕ್ಕೆ ಹಿಡಿಯುವ ಓರೆ, ಕ್ಯಾಸ್ಟರ್ ಹೋಗಿದೆ.

ತೋಟದಗಾಡಿ ಅವರೇ, ಮೊದಲು ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ಕೀಲು ನೋಡಿ. ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಲಟಕ್ ಅಂದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್ ಬೇರಿಂಗ್. ಆಮೇಲೆ ಚಕ್ರ ನೆಲದ ಮೇಲಿದ್ದಾಗಲೇ ಒಬ್ಬರು ಸ್ಟೀರಿಂಗ್ ಆ ಕಡೆ ಈ ಕಡೆ ಆಡಿಸಲಿ, ನೀವು ಕೆಳಗೆ ಮಲಗಿ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳುಗಳ ಕೀಲು (ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್) ಒಂದೊಂದೇ ಕೈಯಿಟ್ಟು ನೋಡಿ.

ಇನ್ನೊಂದು ಮಾತು. ಗಾಡಿ ಲಿಫ್ಟ್ ಆಗಿದೆಯಾ, ಅಂದರೆ ಎತ್ತರ ಮಾಡಿಸಿದ್ದೀರಾ?

ತೋಟದಗಾಡಿ:
ಲಿಫ್ಟ್ ಆಗಿದೆ. ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ ಇದೆಯಲ್ಲ, ಶ್ಯಾಕಲ್, ಅದು ಕಂಪನಿಯದಕ್ಕಿಂತ ಎರಡು ಇಂಚು ಉದ್ದದ್ದು, 235/75 ಆರ್15 ಟೈರ್. ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಹಾಕಿದ ಮೇಲೆ ಒಂದು ತಿಂಗಳು ಚೆನ್ನಾಗೇ ಓಡಿತು.

ಮಣ್ಣುಚಕ್ರ:
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತಲ್ವಾ! ಸಂಬಂಧ ಇಲ್ಲದೆ ಏನು? ಜಿಪ್ಸಿಯಲ್ಲಿ ಮುಂದಿನ ಪ್ಲೇಟ್‌ನ (ಲೀಫ್ ಸ್ಪ್ರಿಂಗ್) ಶ್ಯಾಕಲ್ ಇರುವುದು ಮುಂದುಗಡೆ. ಅದನ್ನು ಉದ್ದ ಮಾಡಿದರೆ ಪ್ಲೇಟ್‌ನ ಮುಂದಿನ ತುದಿ ಕೆಳಗೆ ಬರುತ್ತದೆ, ಆಕ್ಸಲ್ ಮುಂದಕ್ಕೆ ಬಗ್ಗುತ್ತದೆ. ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ಓರೆಯಾಗಿರಬೇಕು, ಅದೇ ಕ್ಯಾಸ್ಟರ್. ಎರಡು ಇಂಚಿನ ಶ್ಯಾಕಲ್‌ನಲ್ಲಿ ಸುಮಾರು 3 ಡಿಗ್ರಿ ಹೋಗುತ್ತದೆ. ಜಿಪ್ಸಿಯಲ್ಲಿ ಇರುವುದೇ ಹೆಚ್ಚುಕಡಿಮೆ ಅಷ್ಟು. ಸೈಕಲ್ ಫೋರ್ಕ್ ಓರೆ ಇಲ್ಲದೆ ನೆಟ್ಟಗೆ ನಿಂತಿದೆ ಅಂದುಕೊಳ್ಳಿ, ಕೈ ಬಿಟ್ಟು ಓಡಿಸಿ ನೋಡಿ.

ಅಂದ ಹಾಗೆ, ಎರಡು ಇಂಚು ಶ್ಯಾಕಲ್‌ಗೆ ಗಾಡಿ ಏಳುವುದು ಒಂದೇ ಇಂಚು. ಅದಕ್ಕೆ ಇಷ್ಟು ಬೆಲೆ.

ಡೆನ್ವರ್‌ಕನ್ನಡಿಗ:
ನಮ್ಮ ಕಡೆ ಇದಕ್ಕೆ ಡೆತ್ ವಾಬಲ್ ಅಂತಾರೆ. ನನ್ನ ಜೀಪ್ ರ‍್ಯಾಂಗ್ಲರ್ ಜೆಕೆಯಲ್ಲಿ ಇದೇ ಕಾಟ ಇತ್ತು. ಟ್ರ್ಯಾಕ್ ಬಾರ್ ಬೋಲ್ಟ್ ಸಡಿಲ. ಹೊಸ ಬೋಲ್ಟ್ ಹಾಕಿ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ, ಹೋಯಿತು. ಟ್ರ್ಯಾಕ್ ಬಾರ್ ನೋಡಿ ಸರ್.

ಹಳೇಜೀಪು:
ಜಿಪ್ಸಿಗೆ ಟ್ರ್ಯಾಕ್ ಬಾರ್ ಇಲ್ಲ ಸರ್. ಲೀಫ್ ಸ್ಪ್ರಿಂಗ್ ಗಾಡಿ ಅದು. ಆಕ್ಸಲ್ ಅಕ್ಕಪಕ್ಕ ಜಾರದ ಹಾಗೆ ಪ್ಲೇಟೇ ಹಿಡಿದುಕೊಳ್ಳುತ್ತದೆ.

ಡೆನ್ವರ್‌ಕನ್ನಡಿಗ:
ಹಾಗಾದರೆ ಪ್ಲೇಟ್ ತುದಿಯ ರಬ್ಬರ್ ಬುಷ್ ನೋಡಿ, ಕೆಲಸ ಅದೇ ತಾನೆ. ಜೊತೆಗೆ ನಡುಕ ಹೀರುವ ಒಳ್ಳೆಯ ಸ್ಟೀರಿಂಗ್ ಡ್ಯಾಂಪರ್ ಹಾಕಿಬಿಡಿ.

ಹಳೇಜೀಪು:
ಬುಷ್ ಮಾತು ಒಪ್ಪುತ್ತೇನೆ. ಡ್ಯಾಂಪರ್ ಮಾತು ಬೇಡ. ಡ್ಯಾಂಪರ್ ರೋಗ ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ಅದು ಸವೆದ ದಿನ ಘಾಟಿಯಲ್ಲಿ ಮತ್ತೆ ನಡುಗುತ್ತದೆ.

ಡೆನ್ವರ್‌ಕನ್ನಡಿಗ:
ಕಂಪನಿಯೇ ಡ್ಯಾಂಪರ್ ಕೊಡುತ್ತದೆ. ಸುಮ್ನೆ ಕೊಡುತ್ತಾರಾ?

ಹಳೇಜೀಪು:
ಸರಿಯಿರುವ ಗಾಡಿಗೆ ಕೊಡುತ್ತಾರೆ. ಕೆಟ್ಟ ಗಾಡಿಗೆ ಔಷಧಿ ಅಂತ ಅಲ್ಲ.

ಜಿಮ್ನಿ_ಚಿಕ್ಕಮಗಳೂರು:
ನನ್ನ ಜಿಮ್ನಿಗೆ ಎರಡು ಇಂಚು ಕಾಯಿಲ್ ಲಿಫ್ಟ್, ಕ್ಯಾಸ್ಟರ್ ಬುಷ್, ಉದ್ದ ಮಾಡಬಹುದಾದ ಲ್ಯಾಟರಲ್ ರಾಡ್, ಎಲ್ಲಾ ಹಾಕಿಸಿದ್ದೇನೆ. 100ರಲ್ಲೂ ಒಂದು ಬೆರಳಿನಲ್ಲಿ ಹೋಗುತ್ತದೆ. ಮುಳ್ಳಯ್ಯನಗಿರಿ ಕಡೆ ತೆಗೆದ ಫೋಟೋ ಹಾಕಿದ್ದೇನೆ ನೋಡಿ. ಮುಂದಿನ ತಿಂಗಳು ವಿಂಚ್ ಬರುತ್ತದೆ.

ಟೈರ್‌ಮಾವ:
ಚೆಂದ ಇದೆ. ಯಾವ ಟೈರ್ ಅದು?

ಓವರ್‌ಸ್ಪ್ರಿಂಗ್:
ತೋಟದಗಾಡಿ ಅಣ್ಣ, ಕ್ಯಾಸ್ಟರ್‌ಗೆ 3 ಡಿಗ್ರಿ ವೆಡ್ಜ್, ಅಂದರೆ ಪ್ಲೇಟ್‌ಗೂ ಆಕ್ಸಲ್‌ಗೂ ನಡುವೆ ಓರೆ ತುಂಡು ಹಾಕಿ. ನನ್ನ ಜಿಪ್ಸಿಗೂ ಹಾಕಿದ್ದೇನೆ. ದಪ್ಪ ಅಂಚು ಹಿಂದಕ್ಕೆ. ಎರಡು ಗಂಟೆ ಕೆಲಸ.

ತೋಟದಗಾಡಿ:
ಹಾಕಿದೆ. ದಪ್ಪ ಅಂಚು ಹಿಂದಕ್ಕೇ ಇಟ್ಟೆ. ಈಗ 45ಕ್ಕೇ ಶುರುವಾಗುತ್ತಿದೆ! ಸ್ಟೀರಿಂಗ್ ಬೇರೆ ಹಗುರ ಆಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದೇ ಇಲ್ಲ. ಶಿರಾಡಿಯಲ್ಲಿ ಲಾರಿ ಪಕ್ಕ ನಡುಗಿದಾಗ ಜೀವ ಬಾಯಿಗೆ ಬಂತು. ನಿಜ ಹೇಳಿ, ಹಾಕಿದವರು ಯಾರಾದರೂ ಇದ್ದೀರಾ, ಇಲ್ಲಾ ಕೇಳಿದ್ದನ್ನು ಬರೆಯುತ್ತಿದ್ದೀರಾ?

ಮಣ್ಣುಚಕ್ರ:
ದಯವಿಟ್ಟು ಆ ಗಾಡಿಯನ್ನು ಹೈವೇಗೆ ತರಬೇಡಿ. ನಡುಕ ಬಂದರೆ ಬ್ರೇಕ್ ಒತ್ತಿ ಹಿಡಿಯಬೇಡಿ. ಸ್ಟೀರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ.

ಓವರ್‌ಸ್ಪ್ರಿಂಗ್ ಅವರೇ, ನಿಮ್ಮ ಗಾಡಿಯಲ್ಲಿ ಪ್ಲೇಟ್ ಆಕ್ಸಲ್ ಮೇಲೆ ಇದೆಯಾ?

ಓವರ್‌ಸ್ಪ್ರಿಂಗ್:
ಹೌದು, ಮೇಲೆ ಮಾಡಿಸಿದ್ದೇನೆ. ಹೆಸರಲ್ಲೇ ಇದೆಯಲ್ಲ ಅಂದುಕೊಂಡಿದ್ದೆ. ಅಣ್ಣ, ತಪ್ಪಾಯಿತು. ನಿಮ್ಮದು ಕಂಪನಿಯಿಂದ ಬಂದ ಹಾಗೆ ಪ್ಲೇಟ್ ಕೆಳಗೆ ಇದ್ದರೆ ಎಲ್ಲ ಉಲ್ಟಾ. ದಪ್ಪ ಅಂಚು ಮುಂದಕ್ಕೆ ಬರಬೇಕು. ಕೇಳದೆ ಹೇಳಬಾರದಿತ್ತು.

ಮಣ್ಣುಚಕ್ರ:
ವೆಡ್ಜ್ ತಿರುಗಿಸಿ, ಯು ಬೋಲ್ಟ್ ಹೊಸದು ಹಾಕಿ. ಆದರೆ ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಕಿಂಗ್‌ಪಿನ್ ನೋಡಿದಿರಾ? ಶ್ಯಾಕಲ್ ಹಾಕಿದ ಮೇಲೂ ಒಂದು ತಿಂಗಳು ಸರಿಯಾಗಿತ್ತು ಅಂದಿರಿ. ಆ ತಿಂಗಳ ಕೊನೆಗೆ ಗಾಡಿ ಎಲ್ಲಿಗೆ ಹೋಗಿತ್ತು?

(ಒಂಬತ್ತು ದಿನ ಬಿಟ್ಟು)

ತೋಟದಗಾಡಿ:
ತಡವಾಯಿತು, ಕ್ಷಮಿಸಿ. ತೋಟದಲ್ಲಿ ಕೊಯ್ಲು ಇತ್ತು.

ನೀವು ಕೇಳಿದ್ದು ಸರಿ. ಆ ತಿಂಗಳ ಕೊನೆಗೆ ಹೊಳೆಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡು ಅರ್ಧ ಗಂಟೆ ನೀರಲ್ಲಿ ನಿಂತಿತ್ತು. ಹಬ್ ಪೂರ್ತಿ ಮುಳುಗಿತ್ತು. ಹೇಳಬೇಕು ಅಂತ ಅನಿಸಲೇ ಇಲ್ಲ.

ಎಡಗಡೆ ಚಕ್ರ ಎತ್ತಿ ಅಲುಗಾಡಿಸಿದೆ. ಬ್ರೇಕ್ ಒತ್ತಿದರೂ ಲಟಕ್ ಲಟಕ್. ಕಿಂಗ್‌ಪಿನ್ ಕೂರುವ ನಕಲ್ ಬಿಚ್ಚಿಸಿದೆ. ಆಯಿಲ್ ಸೀಲ್ ಹರಿದಿತ್ತು, ಒಳಗೆ ಗ್ರೀಸ್ ಬದಲು ಕಂದು ಬಣ್ಣದ ಗಂಜಿ. ಕೆಳಗಿನ ಕಿಂಗ್‌ಪಿನ್ ಬೇರಿಂಗ್‌ನ ರೋಲರ್‌ಗಳಲ್ಲಿ ತುಕ್ಕಿನ ಕುಳಿ. ಎರಡೂ ಕಡೆ ನಾಲ್ಕು ಬೇರಿಂಗ್, ಸೀಲ್ ಹೊಸದು ಹಾಕಿದೆವು. ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಟೈ ರಾಡ್ ಬಿಚ್ಚಿಟ್ಟು, ನಕಲ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಬಿಗಿ ಸಾಲದು ಅಂತ ಒಂದೊಂದೇ ಶಿಮ್ (ತೆಳು ತಗಡು) ತೆಗೆದರು. ಅಷ್ಟು ತಾಳ್ಮೆಯಿಂದ ಕೆಲಸ ಮಾಡುವವರನ್ನು ನಾನು ನೋಡಿರಲಿಲ್ಲ. ವೆಡ್ಜ್ ತಿರುಗಿಸಿದೆವು, ದಪ್ಪ ಅಂಚು ಮುಂದಕ್ಕೆ. ಕೊನೆಗೆ ಟೋ ಇನ್, ಅಂದರೆ ಮುಂದಿನ ಚಕ್ರಗಳು ಮುಂದುಗಡೆ ಒಳಕ್ಕೆ ವಾಲುವುದು, 3 ಮಿಲಿಮೀಟರ್‌ಗೆ ಇಟ್ಟರು.

ನಿನ್ನೆ 80ರಲ್ಲಿ ಬೇಕಂತಲೇ ಅದೇ ಗುಂಡಿಗೆ ಇಳಿಸಿದೆ. ಒಂದು ಸಲ ದಡ್ ಅಂತು, ಅಷ್ಟೇ. ಮಣ್ಣುಚಕ್ರ ಸರ್, ನಿಮ್ಮ ಋಣ ದೊಡ್ಡದು. ಓವರ್‌ಸ್ಪ್ರಿಂಗ್, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಪೂರ್ತಿ ಹೇಳಿರಲಿಲ್ಲ.

ಒಂದು ಉಳಿದಿದೆ. ಫೋರ್ ವೀಲ್ ಹಾಕಿದರೆ 40ರ ಹತ್ತಿರ ಕೆಳಗಿನಿಂದ ಗುಂಯ್ ಅಂತ ಸದ್ದು.

ಹಳೇಜೀಪು:
ಅದು ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ವೆಡ್ಜ್ ಆಕ್ಸಲ್‌ನ ಮುಂಭಾಗ ಎತ್ತಿದಾಗ ಅದೇ ಆಕ್ಸಲ್‌ನ ಹಿಂದುಗಡೆ ಶಾಫ್ಟ್ ಸೇರುವ ಪಿನಿಯನ್ ಮೂತಿ ಕೆಳಗೆ ಹೋಗುತ್ತದೆ, ಶಾಫ್ಟ್ ಕೀಲಿನ ಕ್ರಾಸ್‌ಗೆ ಜಾಸ್ತಿ ಕೋನ. ಕೆಸರಲ್ಲಿ ನಿಧಾನ ಓಡಿಸುವಾಗ ತೊಂದರೆ ಇಲ್ಲ. ಸದ್ದು ಹೆಚ್ಚಾದರೆ ಶ್ಯಾಕಲ್ ಒಂದು ಇಂಚಿಗೆ ಇಳಿಸಿ, ವೆಡ್ಜ್ ಕೂಡ ಸಣ್ಣದು ಸಾಕು.

ಟೈರ್‌ಮಾವ:
ಎಲ್ಲ ಆದ ಮೇಲೆ ಇನ್ನೊಂದು ಸಲ ಬ್ಯಾಲೆನ್ಸಿಂಗ್ ಮಾಡಿಸಿಬಿಡಿ. ರಿಮ್ ತೊಳೆದು.

ತೋಟದಗಾಡಿ:
ಮಾಡಿಸುತ್ತೇನೆ ಮಾವ. ಒಂದು ಇಂಚಿನ ಶ್ಯಾಕಲ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನನ್ನ ಎರಡು ಇಂಚಿನದು ಕೊಟ್ಟುಬಿಡುತ್ತೇನೆ.

ಜಿಮ್ನಿ_ಚಿಕ್ಕಮಗಳೂರು:
ವಿಂಚ್ ಬಂತು. ಫೋಟೋ ಸಂಜೆ ಹಾಕುತ್ತೇನೆ.