ಯುಡಿಐಡಿ ಕಾರ್ಡ್ ಮಾಡಿಸಿದರೆ ತಂಗಿಯ ಮದುವೆಗೆ ತೊಂದರೆ ಆಗುತ್ತಾ?

ಪ್ರಶ್ನೆ: ಮೇಡಂ, ನನ್ನ ತಂಗಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. "ಊರಿಗೆಲ್ಲ ಗೊತ್ತಾದರೆ ಗಂಡು ಸಿಗಲ್ಲ. ಮೂರು ಕಾಸಿನ ಪಿಂಚಣಿಗೆ ಸರ್ಕಾರದ ಮುಂದೆ ಕೈ ಚಾಚಬೇಕಾ?" ಅನ್ನುತ್ತಾರೆ.

ಉತ್ತರ (ಆಸ್ಪತ್ರೆಯ ಸಮಾಜ ಕಾರ್ಯಕರ್ತೆ): ಅಪ್ಪನ ಭಯ ನನಗೆ ಅರ್ಥವಾಗುತ್ತದೆ. ನಾನು ನೋಡಿದಂತೆ ಹೆಣ್ಣುಮಕ್ಕಳ ಅರ್ಜಿ ಕಚೇರಿವರೆಗೂ ಬರುವುದೇ ಇಲ್ಲ, ಮನೆಯಲ್ಲೇ ನಿಂತುಹೋಗುತ್ತದೆ. ಆದರೆ ಕಾರ್ಡ್ ಬಂತು ಅಂತ ಯಾರೂ ಡಂಗುರ ಸಾರುವುದಿಲ್ಲ. ಅದನ್ನು ಎಲ್ಲಿ ತೋರಿಸಬೇಕು ಅನ್ನುವುದು ನಿಮ್ಮ ತಂಗಿಗೆ ಬಿಟ್ಟಿದ್ದು.

ಪಿಂಚಣಿ ಮಾತು ಸದ್ಯಕ್ಕೆ ಬಿಡಿ, ಅದಕ್ಕೆ ಆದಾಯ ಮಿತಿ ಬೇರೆ ಇದೆ. ಈಗ ಮುಖ್ಯ ಕಾಲೇಜು ಸೀಟು. ನ್ಯೂನತೆ ಶೇ. 40 ಅಥವಾ ಜಾಸ್ತಿ ಇದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು ಮೀಸಲು. ಸರ್ಕಾರಿ ಕೆಲಸದಲ್ಲಿ ಶೇ. 4. ಪಿಂಚಣಿಯನ್ನು ಮುಂದಿನ ವರ್ಷವೂ ಕೇಳಬಹುದು, ಈ ವರ್ಷದ ಸೀಟು ಕಾಯುವುದಿಲ್ಲ. ಇದರಲ್ಲಿ ಕೈ ಚಾಚುವ ಮಾತೇ ಇಲ್ಲ, ಅವಳ ಹಕ್ಕು ಇದು. ಅಂದಹಾಗೆ, ಅವಳನ್ನೇ ಕೇಳಿದ್ದೀರಾ? ಹದಿನೆಂಟು ತುಂಬಿದ್ದರೆ ಅರ್ಜಿ ಅವಳೇ ಹಾಕಬಹುದು.

ಪ್ರಶ್ನೆ: ಕೇಳುತ್ತೇನೆ ಮೇಡಂ. ಆದರೆ ಪಕ್ಕದ ಮನೆಯವರು ಅಲೆದು ಅಲೆದು ಸಾಕಾಗಿ ಬಿಟ್ಟೇ ಬಿಟ್ಟರು.

ಉತ್ತರ: ಅವರನ್ನು ದೂರಬೇಡಿ. ಕೂಲಿ ಮಾಡುವವರು ಒಂದು ಸಲ ಜಿಲ್ಲಾ ಆಸ್ಪತ್ರೆಗೆ ಬಂದರೆ ಜೊತೆಗೆ ಬಂದವರ ಕೂಲಿಯೂ ಹೋಯಿತು. "ಡಾಕ್ಟರಿಲ್ಲ, ನಾಳೆ ಬನ್ನಿ" ಅಂದರೆ ಮತ್ತೆ ಯಾರು ಬರುತ್ತಾರೆ? ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಕಿವಿ ಪರೀಕ್ಷೆ ಯಾವ ದಿನ ಮಾಡುತ್ತಾರೆ ಅಂತ ಕೇಳಿಕೊಂಡೇ ಹೊರಡಿ. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಸಾಮಾನ್ಯವಾಗಿ ಅವರೂ ಅಂಗವಿಕಲರೇ. ಅಪ್ಪನ ಹತ್ತಿರ ಅವರು ಮಾತಾಡಿದರೆ ನನಗಿಂತ ಚೆನ್ನಾಗಿ ನಾಟುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ತಂದೆಗೆ ಪಾರ್ಕಿನ್ಸನ್, ಕೈಕಾಲು ನಡುಗುವ ನರರೋಗ. ಇದು ವಯಸ್ಸಿನ ಕಾಯಿಲೆ ಅಲ್ವಾ? ಇದಕ್ಕೂ ಕಾರ್ಡ್ ಕೊಡುತ್ತಾರಾ?

ಉತ್ತರ: ಕೊಡುತ್ತಾರೆ ಸರ್. 1995ರ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆ ಇತ್ತು, 2016ರಲ್ಲಿ ಅದು 21 ಆಯಿತು. ಪಾರ್ಕಿನ್ಸನ್, ರಕ್ತದ ಕಾಯಿಲೆಗಳಾದ ತಲಸ್ಸೀಮಿಯಾ ಮತ್ತು ಹಿಮೋಫಿಲಿಯಾ, ಮಾನಸಿಕ ಕಾಯಿಲೆ ಎಲ್ಲ ಅದರಲ್ಲಿವೆ. "ನಾವು ಅಂಗವಿಕಲರಲ್ಲ" ಅಂದುಕೊಂಡೇ ಎಷ್ಟೋ ಮನೆಯವರು ಅರ್ಜಿ ಹಾಕುವುದಿಲ್ಲ. ತಂದೆ ನಿಮ್ಮ ಆಶ್ರಯದಲ್ಲಿದ್ದು, ನ್ಯೂನತೆ ಶೇ. 40 ಮುಟ್ಟಿದ್ದರೆ, ಹಳೇ ಆದಾಯ ತೆರಿಗೆ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಹಾಕುವಾಗ ನಿಮ್ಮ ಆದಾಯದಿಂದ 75,000 ರೂಪಾಯಿ ಕಡಿತ ಸಿಗಬಹುದು. ಶೇ. 80 ಅಥವಾ ಜಾಸ್ತಿ ಇದ್ದರೆ 1,25,000. ಮೊದಲು ನರರೋಗ ತಜ್ಞರ ಚೀಟಿಗಳನ್ನೆಲ್ಲ ಒಂದು ಫೈಲಿಗೆ ಹಾಕಿಕೊಳ್ಳಿ.