ಪದಚರ್ಚೆ: ‘ಮುಂಗಡ ದರ’ ಸರಿಯೇ? ಬಾಡಿಗೆ, ಬಾಟಾ, ಭಕ್ಷೀಸು

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಬಾಡಿಗೆ ಕಾರುಗಳಲ್ಲಿ ಸೀಟಿನ ಹಿಂದೆ ಅಂಟಿಸುವ ದರಪಟ್ಟಿಯ ಕನ್ನಡ ಕರಡು ತಿದ್ದುವಾಗ ಎದ್ದ ಪ್ರಶ್ನೆ ಇದು. ‘ಅಪ್‌ಫ್ರಂಟ್ ಪ್ರೈಸ್’, ಅಂದರೆ ಹತ್ತುವ ಮುಂಚೆಯೇ ಹೇಳುವ ದರ, ಎಂಬುದಕ್ಕೆ ಕರಡಿನಲ್ಲಿ ‘ಮುಂಗಡ ದರ’ ಎಂದಿದೆ. ಮುಂಗಡ ಎಂದರೆ ನಮ್ಮಲ್ಲಿ ಅಡ್ವಾನ್ಸು. ‘ಮುಂಗಡ ದರ 3,500’ ಎಂದು ಓದಿದವರು, ಹತ್ತುವ ಮುಂಚೆ ಇಷ್ಟು ಕೊಡಬೇಕು, ಇಳಿದ ಮೇಲೆ ಇನ್ನಷ್ಟು ಬಾಕಿ ಇರುತ್ತದೆ ಎಂದುಕೊಳ್ಳುತ್ತಾರೆ. ‘ನಿಗದಿತ ದರ’ ಎಂದರೆ ಸರ್ಕಾರ ಗೊತ್ತುಮಾಡಿದ್ದು ಎಂಬ ಧ್ವನಿ ಬರುತ್ತದೆ. ‘ಮೊದಲೇ ಹೇಳಿದ ದರ’ ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ಆದರೆ ಜಗಳ ಹುಟ್ಟುವುದು ದರದಲ್ಲಲ್ಲ, ಅದರ ಪಕ್ಕದ ಪದಗಳಲ್ಲಿ. ಒಂದು ಲೆಕ್ಕ ನೋಡಿ. ಮೈಸೂರಿನಿಂದ ಮೇಲುಕೋಟೆಗೆ ಹೋಗಿ ಬಂದರೆ ಸುಮಾರು 110 ಕಿ.ಮೀ. ಕಿ.ಮೀ.ಗೆ 14 ರೂಪಾಯಿ ಎಂದಿಟ್ಟುಕೊಂಡರೆ ಪ್ರಯಾಣಿಕರ ಮನಸ್ಸಿನಲ್ಲಿ 1,540. ಹೊರಊರಿನ ಬಾಡಿಗೆಗೆ ದಿನಕ್ಕೆ ‘ಮಿನಿಮಮ್ 250’ ಎಂಬ ಷರತ್ತು ಇದ್ದರೆ ಬಿಲ್ಲು 3,500. ಮೇಲೆ ಚಾಲಕರ ದಿನದ ಖರ್ಚಿನ ಬಾಟಾ 400 ಎಂದರೆ 3,900. ಟೋಲು, ಪಾರ್ಕಿಂಗು ಬೇರೆ. ಚಾಲಕರು ಮೋಸ ಮಾಡಿಲ್ಲ, ಆದರೆ ‘ಮಿನಿಮಮ್’ ಎಂಬ ಒಂದು ಪದವನ್ನು ಹತ್ತುವ ಮುಂಚೆ ಯಾರೂ ಬಿಡಿಸಿ ಹೇಳಿಲ್ಲ. ‘ಎಷ್ಟೇ ಕಡಿಮೆ ಓಡಿದರೂ 250 ಕಿ.ಮೀ. ಲೆಕ್ಕ’ ಎಂದು ಬರೆದರೆ ಮುಗಿಯಿತು. ‘ಗ್ಯಾರೇಜ್ ಟು ಗ್ಯಾರೇಜ್’ ಕೂಡ ಹೀಗೆಯೇ: ಮೀಟರು ಓಡುವುದು ಹೋಟೆಲಿನ ಬಾಗಿಲಿನಿಂದಲ್ಲ, ಕಾರು ನಿಲ್ಲುವ ಜಾಗದಿಂದ. ಅದನ್ನೂ ಕನ್ನಡದಲ್ಲಿ ಹಾಗೆಯೇ ಬಿಡಿಸಿ ಬರೆಯಬೇಕು.

ಬಾಟಾವನ್ನು ಬಹಳ ಜನ ಭಕ್ಷೀಸು ಎಂದುಕೊಂಡಿದ್ದಾರೆ. ಅಲ್ಲ. ಅದು ಚಾಲಕರ ಊಟ, ತಂಗುವಿಕೆಯ ಹಣ, ಹಕ್ಕಿನದು. ‘ತುಟ್ಟಿಭತ್ಯೆ’ಯಲ್ಲಿರುವ ಭತ್ಯೆಯೇ ಇದು, ಸಂಸ್ಕೃತದ ‘ಭಕ್ತ’, ಅಂದರೆ ಅನ್ನ, ಇದರ ಮೂಲ ಎನ್ನುತ್ತಾರೆ. ಬಾಟಾವನ್ನು ಸಾಮಾನ್ಯವಾಗಿ ಎಣಿಸುವುದು ಗಂಟೆಯ ಲೆಕ್ಕದಲ್ಲಲ್ಲ, ತಾರೀಖಿನ ಲೆಕ್ಕದಲ್ಲಿ. ರಾತ್ರಿ ಹತ್ತಕ್ಕೆ ಹೊರಟು ಬೆಳಗ್ಗೆ ಆರಕ್ಕೆ ಬಂದರೂ ಎರಡು ಬಾಟಾ. ಊಟಿಗೆ ಹೋದವರು ತಿರುಗಿ ಬರುವಾಗ ತಡಮಾಡಿದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಅಲ್ಲಿಗೆ ಇನ್ನೊಂದು ದಿನದ ಬಾಡಿಗೆ, ಇನ್ನೊಂದು ಬಾಟಾ.

ಇಲ್ಲಿ ಕನ್ನಡದ ಕ್ರಿಯಾಪದಗಳು ಪಟ್ಟಿಗಿಂತ ಸ್ಪಷ್ಟವಾಗಿವೆ. ಬಾಡಿಗೆ ‘ಆಗುತ್ತೆ’, ಬಾಟಾ ‘ಬೀಳುತ್ತೆ’, ಭಕ್ಷೀಸು ‘ಕೊಡ್ತಾರೆ’. ಮೊದಲೆರಡರಲ್ಲಿ ಕೊಡುವವರ ಮನಸ್ಸಿಗೆ ಜಾಗವಿಲ್ಲ, ಮೂರನೆಯದರಲ್ಲಿ ಅದೇ ಎಲ್ಲ. ‘ಬಾಟಾ ಎಷ್ಟು ಕೊಡ್ಲಪ್ಪ?’ ಎಂದು ಕೇಳಿದ ಕ್ಷಣವೇ ಚಾಲಕರ ಹಕ್ಕು ದಾನವಾಗಿಬಿಡುತ್ತದೆ. ‘ಬಾಡಿಗೆ ನಿಮ್ಮಿಷ್ಟ ಸಾರ್’ ಎಂಬುದು ಇದರ ತಿರುವುಮುರುವು. ಭಕ್ಷೀಸಿಗೆ ನಿಜವಾಗಿ ಒಪ್ಪುವ ಮಾತನ್ನು ಬಾಡಿಗೆಗೆ ಹಾಕಿದರೆ ಇಳಿಯುವಾಗ ಇಬ್ಬರಿಗೂ ಕಷ್ಟ. ಟಾಂಗಾದವರ ಹತ್ತಿರವೂ, ಅರಮನೆಯ ಗೈಡುಗಳ ಹತ್ತಿರವೂ ಈ ಮಾತು ಕೇಳಿಬಂದರೆ ಅಲ್ಲೇ ನಿಂತು ‘ಎಲ್ಲಾ ಸೇರಿ ಎಷ್ಟಾಗುತ್ತೆ?’ ಎಂದು ಕೇಳುವುದೇ ಮೇಲು. ಎಷ್ಟು ಜನಕ್ಕೆ, ಎಷ್ಟು ಹೊತ್ತಿಗೆ, ಯಾವ ಭಾಷೆಯಲ್ಲಿ ಎಂಬುದೂ ಅದೇ ಮಾತಿನಲ್ಲಿ ತೀರಬೇಕು.

ಇನ್ನು ಭಕ್ಷೀಸು. ಪಾರಸಿಯ ‘ಬಖ್ಶೀಶ್’, ಕೊಡುಗೆ ಎಂಬ ಅರ್ಥ. ‘ಇನಾಮು’ ಹಾಕೋಣವೆಂದರೆ ಅದು ಇನಾಂ ಭೂಮಿಗೂ ಸ್ಪರ್ಧೆಗೂ ಹೋಯಿತು. ‘ಮಾಮೂಲು’ ಅರಬ್ಬಿ ಮೂಲದ್ದು, ವಾಡಿಕೆಯದು ಎಂದಷ್ಟೇ ಅರ್ಥ. ನಮ್ಮಲ್ಲಿ ಲಂಚವಾಗಿ ಕೆಟ್ಟಿತು. ಕರಡಿನಲ್ಲಿ ‘ಭಕ್ಷೀಸು ದರದಲ್ಲಿ ಸೇರಿಲ್ಲ’ ಎಂದಿದೆ. ಇದನ್ನು ತೆಗೆಯಲೇಬೇಕು ಎಂಬುದು ನನ್ನ ವಾದ. ಟೋಲು ಸೇರಿಲ್ಲ, ಪಾರ್ಕಿಂಗು ಸೇರಿಲ್ಲ ಎಂಬ ಸಾಲಿನಲ್ಲೇ ಇದೂ ಕೂತರೆ, ಟೋಲಿನಂತೆ ಇದೂ ಕಟ್ಟಬೇಕಾದ ಹಣ ಎಂದಾಗುತ್ತದೆ. ‘ಕಡ್ಡಾಯವಲ್ಲ’ ಕಚೇರಿಯ ಭಾಷೆ. ‘ಭಕ್ಷೀಸು ನಿಮ್ಮಿಷ್ಟ, ಕೊಡದಿದ್ದರೂ ಸರಿ’ ಎಂದು ಬೇರೆ ಸಾಲಿನಲ್ಲಿ ಬರೆದರೆ ಸಾಕು.

ತಿಳಿದವರಲ್ಲಿ ಎರಡು ಪ್ರಶ್ನೆ. ದರಪಟ್ಟಿಯಲ್ಲಿ ‘ಬಾಟಾ’ ಇರಲೋ, ‘ಚಾಲಕರ ಭತ್ಯೆ’ ಎನ್ನಲೋ? ಮಂಡ್ಯ, ಮದ್ದೂರು ಕಡೆ ಇದಕ್ಕೆ ‘ಊಟದ ಕಾಸು’ ಎಂಬ ಬಳಕೆ ಇದೆಯೇ? ಇದ್ದರೆ ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಕೇಳಿದ್ದೀರಿ ಎಂಬುದನ್ನೂ ತಿಳಿಸಿ.