ಬೋಟ್ ಬಂದ್, ಸೇಲ್ ಚಾಲೂ

ಕಾರವಾರದಲ್ಲಿ ಜೂನ್ ಬಂತೆಂದರೆ ಎರಡು ಸಂಗತಿ ಗ್ಯಾರಂಟಿ. ಒಂದು, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಇನ್ನೊಂದು, ತಿಂಗಳ ಕೊನೆಗೆ ಸ್ಟೀಮ್ ಎಂಬ ಆನ್‌ಲೈನ್ ಕಂಪ್ಯೂಟರ್ ಆಟದ ಅಂಗಡಿಯ ಸಮ್ಮರ್ ಸೇಲ್. ಹೊರಗೆ ಧೋ ಅಂತ ಮಳೆ. ಯಾವುದೋ ದೇಶದ ಬೇಸಿಗೆಗೆ ನಮಗೆ ರಿಯಾಯಿತಿ. ಇವೆರಡೂ ಸೇರಿದ ಭಾನುವಾರ ಯಾವ ಆಟ ಕೊಳ್ಳುವುದು ಅಂತ ನಾಯ್ಕನ ಮನೆಯ ಮಾಳಿಗೆಯಲ್ಲಿ ನಮ್ಮ ಸಭೆ.

ನಾಯ್ಕನ ಮನೆಯ ಬೋಟು ಬೈತಖೋಲ ಬಂದರಿನಲ್ಲಿ ಕಟ್ಟಿಹಾಕಿದೆ. ಅವನನ್ನು ಕಟ್ಟಿಹಾಕುವವರು ಯಾರೂ ಇಲ್ಲ. ಭಟ್ಟ ಶಿರಸಿ ಕಡೆಯ ತೋಟದ ಮನೆಯವನು, ಇಲ್ಲಿ ಬ್ಯಾಂಕಿನಲ್ಲಿದ್ದಾನೆ. ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನಮಗಿಂತ ಹಿರಿಯರು, ಆದರೆ ಆಟದ ವಿಷಯದಲ್ಲಿ ನಮಗಿಂತ ಕಿರಿಯರು. ಖಜಾಂಚಿ ನಾನು. ಫಂಡು 1,500 ರೂಪಾಯಿ. ಬನ್ಸ್-ಭಾಜಿಗೆ ಅದರಿಂದ ಪೈಸೆ ತೆಗೆಯುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.

"ರೆಡ್ ಡೆಡ್ ರಿಡೆಂಪ್ಶನ್ 2," ಅಂದ ನಾಯ್ಕ. "ಬೇರೆ ಮಾತೇ ಬೇಡ. ಕುದುರೆ, ಕಾಡು, ಬಂದೂಕು. ರೇಟು ಎಷ್ಟು ಇಳಿಸಿದ್ದಾರೆ ನೋಡು ಮಾರಾಯ."

"ಕಂಪ್ಯೂಟರಿನಲ್ಲಿ ಜಾಗ ಎಷ್ಟು ಬೇಕಂತೆ? ಓದು," ಅಂದರು ಮಾಸ್ತರು.

"150 ಜಿಬಿ."

"ನಿನ್ನ ಇಂಟರ್ನೆಟ್ಟು?"

"ಮೊಬೈಲ್ ಪ್ಯಾಕು. ದಿನಕ್ಕೆ 2 ಜಿಬಿ."

ಮಾಸ್ತರಿಗೆ ಬಾಯಿಲೆಕ್ಕ ಸಾಕು. "75 ದಿನ. ಬಂದ್ ಇರುವುದೇ 61 ದಿನ, ಅದರಲ್ಲಿ ಜೂನ್ ಮುಗೀತಾ ಬಂತು. ನಿನ್ನ ಕುದುರೆ ಬಂದು ಇಳಿಯುವಾಗ ನೀನು ಕಡಲಲ್ಲಿ ಇರ್ತೀಯ."

"ಕರೆಂಟ್ ಹೋದರೂ ಡೌನ್‌ಲೋಡು ನಿಂತಲ್ಲಿಂದಲೇ ಮುಂದುವರಿಯುತ್ತದೆ ಮಾಸ್ತರೇ. ಹೆದರಿಕೆ ಇಲ್ಲ."

"ಡೌನ್‌ಲೋಡಿನ ಹೆದರಿಕೆ ಯಾರಿಗಿದೆ? ಅಷ್ಟು ದಿನ ನೀನು ಯಾರ ತಲೆ ತಿನ್ತೀಯ ಅನ್ನೋದೇ ಹೆದರಿಕೆ."

ಕುದುರೆ ಹೋಯಿತು. ಮುಂದೆ ಬಂದದ್ದು ಯುರೋ ಟ್ರಕ್ ಸಿಮ್ಯುಲೇಟರ್ 2. ಇದು 2012ರ ಆಟ. ಮಾಡಿದವರು ಪ್ರಾಗ್ ನಗರದವರು. ಹಳೆಯ ಲ್ಯಾಪ್‌ಟಾಪೂ ಎತ್ತುತ್ತದೆ, ಸೇಲಿನಲ್ಲಿ ತುಂಬಾ ಅಗ್ಗ. ಆದರೆ ಇಟಲಿಗೆ ಹೋಗಬೇಕಾದರೆ ಇಟಲಿಯ ನಕ್ಷೆಗೆ ಬೇರೆ ದುಡ್ಡು, ಸ್ಕ್ಯಾಂಡಿನೇವಿಯಾಕ್ಕೆ ಇನ್ನೊಮ್ಮೆ ದುಡ್ಡು. ಲಾರಿ ಕೊಟ್ಟು ರಸ್ತೆ ಮಾರುವ ವ್ಯಾಪಾರ ಇದು. ಡ್ರೈವರನಿಗೆ ನಿದ್ದೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಮಲಗಿಸಲೂ ಬೇಕು.

"ಅರಬೈಲ್ ಘಟ್ಟ ಇದೆಯಾ?" ಅಂತ ಕೇಳಿದ ಭಟ್ಟ.

"ಇಲ್ಲ."

"ಮತ್ತೆ ಎಂತ ಲಾರಿ ಆಟ ಅದು. ಜರ್ಮನಿಯ ನೀಟಾದ ರಸ್ತೆಯಲ್ಲಿ ಯಾರು ಬೇಕಾದರೂ ಹೊಡೀತಾರೆ. ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಸಲಿ ನೋಡುವ."

ಭಟ್ಟನ ಕಣ್ಣು ಇದ್ದದ್ದು ಫಾರ್ಮಿಂಗ್ ಸಿಮ್ಯುಲೇಟರ್ 25ರ ಮೇಲೆ. ಅದರಲ್ಲಿ ಭತ್ತ ಬಂದಿದೆ, ಎಮ್ಮೆಯೂ ಬಂದಿದೆ ಎಂದು ಯಾರೋ ಹೇಳಿದ್ದರಂತೆ. ಅದು ನಿಜವೇ. ಸ್ವಿಟ್ಜರ್ಲೆಂಡಿನ ಕಂಪನಿ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ಗದ್ದೆಗೆ ನೀರು ಕಟ್ಟಿ ಭತ್ತ ಬೆಳೆಯಬಹುದು. ಭಟ್ಟ ಬೆಳೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ.

"ಅಡಿಕೆ ಇಲ್ಲ."

"ಇಲ್ಲದಿದ್ದರೆ ಬಿಡು, ಗೋಧಿ ಬೆಳಿ."

"ಗೋಧಿಗೆ ಎಂತ ಕಷ್ಟ ಇದೆ? ಟ್ರ್ಯಾಕ್ಟರ್ ಹತ್ತಿದ, ಹೋದ, ಬಂದ. ಅಡಿಕೆ ಅಂದ್ರೆ ಆಟ ನೋಡು. ಮೊದಲನೇ ಲೆವೆಲ್ಲು, ಮಳೆ ಬಿಡುವು ಕೊಡುವ ಒಂದು ದಿನ ಹುಡುಕೋದು. ಎರಡನೇದು, ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡೋದು. ಮೂರನೇದು, ಮರ ಹತ್ತಿ ಹೊಡೆಯೋಕೆ ಕೊನೆಗೌಡನನ್ನು ಹುಡುಕೋದು."

"ಅದು ಸುಲಭ ಅಲ್ವಾ? ಫೋನ್ ಮಾಡಿದರಾಯ್ತು."

ಭಟ್ಟ ನಾಯ್ಕನನ್ನು ಮೇಲಿಂದ ಕೆಳಗೆ ನೋಡಿದ. "ಕೊನೆಗೌಡ ಒಂದೇ ರಿಂಗಿಗೆ ಫೋನ್ ಎತ್ತಿದರೆ ಅಲ್ಲಿಗೆ ಆಟ ಮುಗೀತು ಮಾರಾಯ. ಅದೇ ಕೊನೆಯ ಲೆವೆಲ್ಲು. ಅವನು ಇವತ್ತು ಬರ್ತೇನೆ ಅಂತಾನೆ, ಬರಲ್ಲ. ನಾಳೆ ಬರ್ತಾನೆ, ಮಳೆಯೂ ಬರುತ್ತೆ. ಅಷ್ಟರಲ್ಲಿ ಕೊಳೆರೋಗ ಶುರು. ಕೊಳೆ ತಪ್ಪಿದರೆ ಎಲೆಚುಕ್ಕಿ. ಅದೂ ತಪ್ಪಿದರೆ ಮಂಗ. ಎಲ್ಲ ದಾಟಿ ಅಂಗಳದಲ್ಲಿ ಅಡಿಕೆ ಹರವಿದ ದಿನ ಮೋಡ."

"ಗೆದ್ದರೆ ಎಂತ ಸಿಗ್ತದೆ?" ಮಾಸ್ತರು ಕೇಳಿದರು.

"ಗೆದ್ದವರನ್ನು ನಾನು ನೋಡಿಲ್ಲ."

ಹಾಗಾದರೆ ಸ್ಟಾರ್‌ಡ್ಯೂ ವ್ಯಾಲಿ ತಗೋ ಅಂದೆ ನಾನು. ನನ್ನ ಓಟು ಮೊದಲಿಂದಲೂ ಅದಕ್ಕೇ. ಎರಿಕ್ ಬರೋನ್ ಎಂಬ ಒಬ್ಬನೇ ಒಬ್ಬ ನಾಲ್ಕೂವರೆ ವರ್ಷ ಕೂತು ಮಾಡಿದ ಆಟ. ಚಿತ್ರ, ಸಂಗೀತ, ಕತೆ ಎಲ್ಲ ಅವನದ್ದೇ. 2016ರ ಫೆಬ್ರವರಿಯಲ್ಲಿ ಬಂತು. ಸಣ್ಣ ಆಟ, ನಾಯ್ಕನ ಒಂದು ದಿನದ ಪ್ಯಾಕಿನಲ್ಲೇ ಇಳಿಯುತ್ತದೆ. ಅಜ್ಜ ಬಿಟ್ಟುಹೋದ ತೋಟಕ್ಕೆ ಪೇಟೆಯ ಆಫೀಸು ಬಿಟ್ಟು ಮೊಮ್ಮಗ ವಾಪಸು ಬರುವುದು ಕತೆ. ಮಳೆ ಬಂದ ದಿನ ಗಿಡಕ್ಕೆ ನೀರು ಹಾಕುವ ಕೆಲಸವೂ ಇಲ್ಲ.

"ಮಳೆ ಬಂದರೆ ಖುಷಿಯಾ ಅವನಿಗೆ?"

"ಹೌದು."

"ಕೊಳೆ ಇಲ್ವಾ?"

"ಇಲ್ಲ."

"ಪೇಟೆಯ ಕೆಲಸ ಬಿಟ್ಟು ಊರಿಗೆ ಬಾ ಅಂತ ನನ್ನ ಅಪ್ಪ ದಿನಾ ಫೋನಿನಲ್ಲಿ ಹೇಳೋದನ್ನು ಇವನು ದುಡ್ಡು ತಗೊಂಡು ಹೇಳ್ತಾನೆ. ಬೇಡ."

ಅದೇ ಭಟ್ಟ ಐದು ನಿಮಿಷದಲ್ಲಿ ಪವರ್‌ವಾಶ್ ಸಿಮ್ಯುಲೇಟರ್ ನೋಡಿ ಮರುಳಾದ. ನೀರಿನ ಗನ್ ಹಿಡಿದು ಕೊಳಕು ಅಂಗಳ, ಗೋಡೆ, ಗಾಡಿಗಳನ್ನು ತೊಳೆಯುವುದಷ್ಟೇ ಈ ಆಟ. ಶತ್ರು ಇಲ್ಲ, ಅವಸರ ಇಲ್ಲ. ಪಾಚಿ ಎದ್ದು ಹೋಗಿ ಕೆಳಗಿನ ಕಲ್ಲು ಬೆಳ್ಳಗೆ ಕಾಣುವ ವಿಡಿಯೋವನ್ನು ಭಟ್ಟ ಬಾಯಿ ತೆರೆದು ನೋಡುತ್ತಿದ್ದ. ಮಳೆಗಾಲ ಮುಗಿದ ಮೇಲೆ ಅಂಗಳದ ಪಾಚಿ ಕೆರೆಯಲು ಮನೆಯವರು ಕರೆದರೆ ಇವನಿಗೆ ಬ್ಯಾಂಕಿನಲ್ಲಿ ಆಡಿಟ್ ಇರುತ್ತದೆ. ಮನೆಯಲ್ಲಿ ಮಾಡು ಅಂದರೆ ತಪ್ಪಿಸಿಕೊಳ್ಳುವ ಕೆಲಸವನ್ನೇ ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಸೊಂಟ ನೋಯುವುದಿಲ್ಲ, ಯಾರೂ ತಪ್ಪು ತೆಗೆಯುವುದಿಲ್ಲ, ಬೇಡವಾದರೆ ಮುಚ್ಚಿಡಬಹುದು. ನಾನು ನೋಡಿದ ಮಟ್ಟಿಗೆ ಅರ್ಧ ಅಂಗಡಿ ನಡೆಯುವುದೇ ಇದರ ಮೇಲೆ.

"ಬೇಗ ಮಾಡಿ, ಸೇಲ್ ಮುಗಿದು ಹೋದೀತು," ಅಂತ ನಾಯ್ಕ ಚಡಪಡಿಸಿದ. ಇದೊಂದು ಹಳೆಯ ರೋಗ. ಹಿಂದೆ ಕೆಲವೇ ತಾಸು ಇರುವ ಫ್ಲ್ಯಾಶ್ ಸೇಲ್ ಇತ್ತು, ಜನ ನಿದ್ದೆಗೆಟ್ಟು ಕಾಯುತ್ತಿದ್ದರು. 2015ರಲ್ಲಿ ಅದನ್ನು ನಿಲ್ಲಿಸಿದರು. ಈಗ ಸಾಮಾನ್ಯವಾಗಿ ಮೊದಲ ದಿನದ ರೇಟೇ ಕೊನೆಯ ದಿನದವರೆಗೂ. ಹಿಂದೆ ಅತಿ ಕಡಿಮೆ ಎಷ್ಟಕ್ಕೆ ಇಳಿದಿತ್ತು ಅನ್ನುವುದನ್ನು ಸ್ಟೀಮ್‌ಡಿಬಿ ಎಂಬ ವೆಬ್‌ಸೈಟಿನಲ್ಲಿ ನೋಡಬಹುದು. ಅವಸರ ಬೇಡವೇ ಬೇಡ.

ಆದರೆ ಮಾಸ್ತರಿಗೆ ಬುಟ್ಟಿಯ ಪುಟದಲ್ಲಿ ಒಂದು ಸಾಲು ಕಂಡಿತು. ದುಡ್ಡು ಕೊಟ್ಟರೆ ಸಿಗುವುದು ಆ ವಸ್ತುವಿನ ಲೈಸೆನ್ಸು ಮಾತ್ರ ಎಂಬ ಸಾಲು. ಕ್ಯಾಲಿಫೋರ್ನಿಯಾ ಸರಕಾರ ಇದರ ಬಗ್ಗೆ ಕಾನೂನು ಮಾಡಿದ ಹೊತ್ತಿಗೆ, 2024ರ ಅಕ್ಟೋಬರಿನಿಂದ ಸ್ಟೀಮ್ ಇದನ್ನು ತೋರಿಸುತ್ತಿದೆ.

"ಅಂದ್ರೆ ಗೇಣಿ!" ಅಂದ ಭಟ್ಟ.

"ಗೇಣಿಯೇ. ಆಡ್ತಾ ಇರು, ಒಡೆಯ ನಾನು ಅಂತಾರೆ." ಮಾಸ್ತರ ಅಜ್ಜ ಅಂಕೋಲೆ ಕಡೆ ಗೇಣಿದಾರರು, 1974ರ ಭೂಸುಧಾರಣೆಯಲ್ಲಿ ಗದ್ದೆ ಪಡೆದವರು. ಭಟ್ಟನ ಅಜ್ಜ ಅದೇ ಕಾನೂನಿನಲ್ಲಿ ಗದ್ದೆ ಕಳೆದುಕೊಂಡವರು. ಇಬ್ಬರೂ ಮೊದಲ ಸಲ ಒಂದೇ ಪಕ್ಷದಲ್ಲಿ ಕೂತರು. ಮಾಸ್ತರು ಮುಂದುವರಿಸಿದರು: "ಉಳುವವನೇ ಒಡೆಯ ಆದ ಮೇಲೆ ಆಡುವವನೇ ಒಡೆಯ ಆಗಬೇಕು. ಟ್ರಿಬ್ಯೂನಲ್ಲು ಎಲ್ಲಿದೆ ಹೇಳು, ಗೇಣಿದಾರರ ಏಳನೇ ನಂಬರ್ ಫಾರ್ಮು ನಾನೇ ತುಂಬ್ತೇನೆ."

ಪೋಲೆಂಡಿನ ಗಾಗ್ ಅಂಗಡಿಯಲ್ಲಿ ಆಟದ ಫೈಲಿಗೆ ಬೀಗ ಇರುವುದಿಲ್ಲ, ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು ಅಂದೆ. ಅಲ್ಲೂ ಕೊಡುವುದು ಲೈಸೆನ್ಸೇ.

"ಹಾಗಾದ್ರೆ ಪಹಣಿ ಇಲ್ಲ, ಕಬ್ಜಾ ಇದೆ," ಅಂದ ಭಟ್ಟ. ಬ್ಯಾಂಕಿನವನು ನೋಡಿ.

ಇಷ್ಟರಲ್ಲಿ ಮಾಸ್ತರಿಗೆ ವಾಪಸಾತಿಯ ನಿಯಮ ಸಿಕ್ಕಿತು. ಕೊಂಡು 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸು. ನಮ್ಮಂಥ ಬಡ ಲ್ಯಾಪ್‌ಟಾಪಿನವರಿಗೆ ಇದು ದೊಡ್ಡ ಉಪಕಾರ. ಆಟ ಓಡುತ್ತದೋ ಕುಂಟುತ್ತದೋ ಅನ್ನುವುದು ಅರ್ಧ ತಾಸಿನಲ್ಲೇ ಗೊತ್ತಾಗುತ್ತದೆ. ಮಾಸ್ತರ ಲೆಕ್ಕ ಮಾತ್ರ ಬೇರೆ. "ಒಂದೊಂದನ್ನು ಒಂದು ತಾಸು ಐವತ್ತು ನಿಮಿಷ ಆಡುವ, ವಾಪಸ್ ಮಾಡುವ. ಈ 1,500 ರೂಪಾಯಿಯಲ್ಲಿ ನಾನು ರಿಟೈರ್ ಆಗುವವರೆಗೆ ನಡೀತದೆ."

"ಇದನ್ನೇ ದಂಧೆ ಮಾಡಿಕೊಂಡರೆ ವಾಪಸಾತಿ ನಿಲ್ಲಿಸ್ತೇವೆ ಅಂತ ಕೆಳಗೆ ಬರೆದಿದ್ದಾರೆ ಮಾಸ್ತರೇ."

"ಯಾರೋ ನನಗಿಂತ ಮೊದಲೇ ಲೆಕ್ಕ ಹಾಕಿದ್ದಾರೆ ಹಾಗಾದ್ರೆ."

ಇಟ್ ಟೇಕ್ಸ್ ಟೂ ಬೇಗ ಬಂದು ಬೇಗ ಹೋಯಿತು. ಒಬ್ಬ ಕೊಂಡರೆ ಇನ್ನೊಬ್ಬ ಫ್ರೆಂಡ್ಸ್ ಪಾಸಿನಲ್ಲಿ ಪುಕ್ಕಟೆ ಆಡಬಹುದು. ಆದರೆ ಆಟ ಇಬ್ಬರದ್ದು, ನಾವು ನಾಲ್ವರು. ಸ್ಟೀಮ್ ಫ್ಯಾಮಿಲೀಸ್ ಎಂಬ ಏರ್ಪಾಡಿನಲ್ಲಿ ಆರು ಜನ ತಮ್ಮ ಆಟಗಳನ್ನು ಹಂಚಿಕೊಳ್ಳಬಹುದು, ಎಲ್ಲ ಒಂದೇ ಮನೆಯವರಾಗಿರಬೇಕು ಅನ್ನುವುದು ಅಲ್ಲಿಯ ನಿಯಮ. ನಿಮ್ಮನ್ನೆಲ್ಲ ದತ್ತು ತಗೊಳ್ತೇವೆ ಬಿಡಿ ಅಂದ ನಾಯ್ಕ. ಕೆಳಗಿನಿಂದ ಅವನ ಆಯಿಯ ದನಿ ಬಂತು: "ಇರುವವನೊಬ್ಬನೇ ಸಾಕು!"

ಕೊನೆಗೆ ಡ್ರೆಜ್ ಅನ್ನುವ ಆಟ ಗೆದ್ದಿತು. ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಎಂಬ ಚಿಕ್ಕ ತಂಡ 2023ರಲ್ಲಿ ತಂದದ್ದು. ಹಗಲು ಮೀನು ಹಿಡಿಯುವುದು, ಕತ್ತಲಾದ ಮೇಲೆ ಕಡಲಲ್ಲಿ ಏನೇನೋ ಕಾಣುವುದು.

"ನಾನು ಮೀನು ತಿನ್ನಲ್ಲ," ಅಂದ ಭಟ್ಟ.

"ತಿನ್ನೋಕಲ್ಲ ಮಾರಾಯ, ಹಿಡಿಯೋಕೆ."

ಯುಪಿಐಯಲ್ಲಿ ದುಡ್ಡು ಹೋಯಿತು, ಆಟ ಇಳಿಯಿತು. ಇಷ್ಟು ಹೊತ್ತು ಕೂಗಾಡಿದವರು ಒಮ್ಮೆಲೇ ಸುಮ್ಮನಾದೆವಲ್ಲ, ಅನುಮಾನ ಬಂದು ನಾಯ್ಕನ ಅಪ್ಪ ಮೇಲೆ ಹತ್ತಿ ಬಂದರು.

"ಇದು ಯಾರ ಬೋಟು?"

"ಈ ಮೀನುಗಾರನದ್ದು ಕಾಕಾ. ಅವನ ಬೋಟು ಒಡೆದುಹೋಯ್ತು. ಊರಿನ ಮೇಯರ್ ಬೇರೆ ಕೊಟ್ಟಿದ್ದಾನೆ, ಸಾಲದ ಮೇಲೆ."

"ಸಾಲದಿಂದಲೇ ಶುರುವಾ? ಹಾಗಾದ್ರೆ ಗೊತ್ತಿದ್ದವರೇ ಮಾಡಿದ್ದು," ಎಂದು ಕಾಕಾ ಕುರ್ಚಿ ಎಳೆದರು. ಬೋಟಿನೊಳಗಿನ ಜಾಗ ಚೌಕಚೌಕವಾಗಿ ಕಾಣುತ್ತದೆ, ಹಿಡಿದ ಮೀನನ್ನು ಅದರಲ್ಲಿ ತಿರುಗಿಸಿ ಜೋಡಿಸಬೇಕು. ನಾಯ್ಕ ಜೋಡಿಸುವುದನ್ನು ಸ್ವಲ್ಪ ಹೊತ್ತು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಬಂಗಡೆ ಅಡ್ಡ ಹಾಕೋ. ಅದಕ್ಕೆ ತಾಗಿಸಿ ಇನ್ನೊಂದು. ಅಷ್ಟು ಜಾಗ ಹಾಳು ಮಾಡ್ತೀಯಲ್ಲ. ಐಸ್ ಎಲ್ಲಿ?"

"ಐಸ್ ಹಾಕಿಲ್ಲ ಅಪ್ಪಾ. ಬೇಗ ಬಂದರಿಗೆ ತರದಿದ್ದರೆ ಮೀನು ಹಾಳಾಗುತ್ತದೆ."

"ಐಸ್ ಇಲ್ಲದೆ ಹೊರಟವನನ್ನು ನೋಡಿ ಬೈತಖೋಲದಲ್ಲಿ ನಗ್ತಾರೆ. ಡೀಸೆಲ್ ಎಷ್ಟು ಹಾಕಿದ್ದೀಯ?"

"ಡೀಸೆಲ್ ಬೇಡ."

"ಬೇಡವಾ?"

"ಬೇಡ."

ಕಾಕಾ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. "ಜೂನ್-ಜುಲೈ ಬಂದ್?"

"ಅದೂ ಇಲ್ಲ."

ನಾಯ್ಕನ ಕೈಯಿಂದ ಮೌಸು ಹೋಯಿತು. ಕಾಕಾ ಮೆಟ್ಟಿಲ ಕಡೆ ತಿರುಗಿ ಕೂಗಿದರು: "ಹೋಯ್, ನನ್ನ ಕನ್ನಡಕ ಮೇಲೆ ಕಳಿಸು!"